ಒಂದೇ ಬಟನ್, ಯಾವ ಶಬ್ದ? ‘ಬ್ರೇಕ್’ ಅಂದರೆ ಒಡೆಯಿತೋ, ಮುರಿಯಿತೋ, ಹರಿಯಿತೋ

ಗಿರ್ಮಿಟ್ ಪ್ಲೇಟ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ತಲೆನೋವು ತಂದಿದ್ದೇನೆ.

ಊರಿನ ಅಂಗಡಿಗಳಿಂದ ಮನೆಗೆ ಸಾಮಾನು ಮುಟ್ಟಿಸುವ ಒಂದು ಸಣ್ಣ ಆ್ಯಪ್‌ನಲ್ಲಿ ನನ್ನ ಕೆಲಸ. ದೂರು ಕೊಡುವ ಪುಟದಲ್ಲಿ ಇಂಗ್ಲಿಷಿನಲ್ಲಿ ‘ಬ್ರೋಕನ್’ ಅಂತ ಒಂದು ಬಟನ್ ಇದೆ. ಕನ್ನಡದಲ್ಲಿ ಅದು ‘ಮುರಿದಿದೆ’ ಆಗಿದೆ. ಯಂತ್ರ ಮಾಡಿದ ಅನುವಾದ, ಯಾರೂ ತಿರುಗಿ ನೋಡಿರಲಿಲ್ಲ.

ಹೋದ ವಾರ ಧಾರವಾಡದಿಂದ ಒಬ್ಬ ಅಜ್ಜಾರು ಫೋನ್ ಮಾಡಿದರು. “ತಮ್ಮಾ, ನನ್ನ ತತ್ತಿ ಒಡದಾವ. ನಿಮ್ಮದ್ರಾಗ ಮುರದೈತಿ ಅಂತಷ್ಟ ಐತಿ. ತತ್ತಿ ಎಲ್ಲ್ಯಾರ ಮುರೀತಾವೇನ? ನಾ ಎಲ್ಲಿ ಒತ್ತಲಿ?” ಅಂದರು.

ನಕ್ಕೆ. ಆಮೇಲೆ ಹಳೆಯ ದೂರುಗಳನ್ನು ತೆಗೆದು ನೋಡಿದೆ. ಹರಿದ ಹಿಟ್ಟಿನ ಚೀಲ, ಒಡೆದ ಎಣ್ಣೆ ಪಾಕೀಟು, ಕೆಟ್ಟ ಮಿಕ್ಸರ್, ಎಲ್ಲ ‘ಮುರಿದಿದೆ’ಯ ಕೆಳಗೇ ಇವೆ. ಮ್ಯಾನೇಜರ್ ಹೇಳುವುದು ಒಂದೇ ಮಾತು: “ಬಟನ್ ಒಂದೇ, ಶಬ್ದನೂ ಒಂದೇ ಹುಡುಕು.” ಹಂಗೊಂದು ಶಬ್ದ ಇದೆಯಾ?

ಸಪ್ತಾಪುರ ಟ್ಯೂಷನ್, ಧಾರವಾಡ

ಇಲ್ಲ ಸರ್. ನಾನು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ನಿಮ್ಮ ತಲೆನೋವು ನನಗೆ ಉಲ್ಟಾ ದಿಕ್ಕಿನಿಂದ ಬರುತ್ತದೆ. ಹುಡುಗರು ‘ದ ಮಿಲ್ಕ್ ಬ್ರೋಕ್’ ಅಂತ ಬರೆಯುತ್ತಾರೆ. ಹಾಲು ಒಡೆಯಿತಲ್ಲ, ಹಾಗಾಗಿ ಬ್ರೋಕ್! ಇಂಗ್ಲಿಷಿನಲ್ಲಿ ಹಾಲಿಗೆ ಕರ್ಡಲ್ ಅಂತ ಬೇರೆ ಕ್ರಿಯಾಪದ ಇದೆ. ಅಂಗಿ ಹರಿದರೆ ಬ್ರೇಕ್ ಅಲ್ಲ, ಟೇರ್. ಆದರೆ ಹಗ್ಗ ಹರಿದರೆ ಮತ್ತೆ ಬ್ರೇಕ್ ಸರಿ! ಇದನ್ನು ಮಕ್ಕಳಿಗೆ ಹೇಳುವಾಗ ನನಗೇ ಪಾಪ ಅನ್ನಿಸುತ್ತದೆ.

ಬ್ರೇಕ್ ಹಳೆಯ ಇಂಗ್ಲಿಷಿನ ‘ಬ್ರೆಕನ್’ನಿಂದ ಬಂದದ್ದು. ಜರ್ಮನಿನ ‘ಬ್ರೆಖೆನ್’ ಅದರ ದಾಯಾದಿ. ಇಷ್ಟು ಹಳೆಯ ಶಬ್ದ ಅಂದಮೇಲೆ ಊರೆಲ್ಲ ಸುತ್ತಿರುತ್ತದೆ. ಕಪ್, ಕೋಲು, ಎಲುಬು, ಮಾತು, ಕಾನೂನು, ಉಪವಾಸ, ದಾಖಲೆ, ಎಲ್ಲದಕ್ಕೂ ಅದೇ. ಇಡಿಯಾಗಿ ಇದ್ದದ್ದು ಇಡಿಯಾಗಿ ಉಳಿಯಲಿಲ್ಲ ಅಂದರೆ ಸಾಕು, ಬ್ರೇಕ್ ಬರುತ್ತದೆ. ಹೇಗೆ ಹೋಯಿತು ಅಂತ ಹೇಳಬೇಕಾದಾಗ ಇಂಗ್ಲಿಷ್ ಬೇರೆ ಕ್ರಿಯಾಪದ ತೆಗೆಯುತ್ತದೆ. ಚೂರುಚೂರಾದರೆ ಶ್ಯಾಟರ್. ಟಕ್ ಅಂತ ಎರಡಾದರೆ ಸ್ನ್ಯಾಪ್. ಗೆರೆ ಬಿದ್ದು ಇನ್ನೂ ಕೂಡಿಕೊಂಡಿದ್ದರೆ ಕ್ರ್ಯಾಕ್. ಜೋರಾಗಿ ಹೊಡೆದು ಪುಡಿ ಮಾಡಿದರೆ ಸ್ಮ್ಯಾಶ್. ಒಳಗಿನ ಒತ್ತಡಕ್ಕೆ ಹೋದರೆ ಬರ್ಸ್ಟ್. ಅಂಚಿನಿಂದ ಸಣ್ಣ ಚಕ್ಕೆ ಎದ್ದರೆ ಚಿಪ್. ಇವೆಲ್ಲ ಒಂದೇ ಮನೆಯ ಮಕ್ಕಳು, ಹೆಸರು ಬೇರೆ, ಸ್ವಭಾವ ಬೇರೆ.

ಉಣಕಲ್ ದಂಡಿ, ಹುಬ್ಬಳ್ಳಿ

ಇಷ್ಟೆಲ್ಲ ಯಾಕ್ರೀ? ಕನ್ನಡದ ಲೆಕ್ಕ ಸರಳ ಇದೆ. ಗುಂಡಗಿರುವುದು ಒಡೆಯುತ್ತದೆ: ಗಡಿಗೆ, ತತ್ತಿ, ಕಾಯಿ. ಉದ್ದಗಿರುವುದು ಮುರಿಯುತ್ತದೆ: ಕೋಲು, ಪೆನ್ಸಿಲ್, ಕೈಕಾಲು. ಮೆತ್ತಗಿರುವುದು ಹರಿಯುತ್ತದೆ: ಬಟ್ಟೆ, ಹಗ್ಗ, ಕಾಗದ. ಮೂರು ಬಟನ್ ಇಡಿ, ಮುಗೀತು.

ಗಿರ್ಮಿಟ್ ಪ್ಲೇಟ್, ಹುಬ್ಬಳ್ಳಿ

ಮೂರು ಬಟನ್ ಕೇಳಿದರೆ ಮ್ಯಾನೇಜರ್ ನನ್ನನ್ನೇ ಮುರಿಯುತ್ತಾರೆ. ಆದರೂ ಲೆಕ್ಕ ಚಲೋ ಇದೆ. ಬರೆದುಕೊಂಡೆ.

ಎರಿಹೊಲ, ನರಗುಂದ

ಉಣಕಲ್ ದಂಡಿಯವರ ಲೆಕ್ಕ ನಮ್ಮ ಹಿತ್ತಲಿಗೆ ಬಂದರೆ ಅರ್ಧ ಗಂಟೆ ತಾಳುವುದಿಲ್ಲ.

ಕಟ್ಟಿಗೆಯನ್ನೇ ತಗೊಳ್ಳಿ. ಉದ್ದಗಿದೆ ಅಲ್ವಾ? ಒಲೆಗೆ ಹಾಕುವ ಪುಳ್ಳಿಯನ್ನು ಮೊಣಕಾಲಿಗೆ ಒತ್ತಿ ಎರಡು ಮಾಡುತ್ತೇವೆ, ಅದು ಮುರಿಯುವುದು. ಸರಿ. ಆದರೆ ದಪ್ಪ ಬೊಡ್ಡೆಯನ್ನು ನಿಲ್ಲಿಸಿ ಕೊಡಲಿಯಿಂದ ಮೇಲಿಂದ ಕೆಳಗೆ ಹೊಡೆದರೆ “ಕಟ್ಟಿಗಿ ಒಡ್ಯಾಕತ್ಯಾನ” ಅಂತೇವೆ. ಅದೇ ಮರ, ಅದೇ ಉದ್ದ. ನಿಂತ ಗಿಡವನ್ನು ಕೆಡವಿದರೆ ಕಡಿಯುವುದು. ಈಗ ಹೇಳಿ, ಮರ ಗುಂಡಗೋ ಉದ್ದಗೋ?

ಇನ್ನೊಂದು, ರೊಟ್ಟಿ. ಹಂಚಿನಿಂದ ಈಗಷ್ಟೇ ಇಳಿದ ಬಿಸಿ ರೊಟ್ಟಿಯನ್ನು ಹರಿದು ತಿನ್ನುತ್ತೇವೆ. ಅದೇ ರೊಟ್ಟಿ ಎರಡು ದಿನ ಒಣಗಿ ಖಡಕ್ ಆದಮೇಲೆ ಮುರಿದು ತಿನ್ನುತ್ತೇವೆ. ರೊಟ್ಟಿಯ ಆಕಾರ ಬದಲಾಗಲಿಲ್ಲ. ನೀರು ಆರಿತು, ಕ್ರಿಯಾಪದ ಬದಲಾಯಿತು.

ಸಪ್ತಾಪುರ ಟ್ಯೂಷನ್, ಧಾರವಾಡ

ಅಯ್ಯೋ, ಈ ರೊಟ್ಟಿ ಮಾತು ನನಗೆ ಹೊಳೆದೇ ಇರಲಿಲ್ಲ. ದಿನಾ ತಿನ್ನುತ್ತೇನೆ. ನಾಳೆ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ಇಂಗ್ಲಿಷಿನಲ್ಲೂ ಸ್ವಲ್ಪ ಹಾಗೇ ಇದೆ, ಮೆತ್ತಗಿನ ಬ್ರೆಡ್ ಅನ್ನು ಟೇರ್ ಮಾಡಬಹುದು, ಬಿಸ್ಕಿಟ್ ಅನ್ನು ಸ್ನ್ಯಾಪ್ ಮಾಡಬಹುದು. ಆದರೆ ಎರಡಕ್ಕೂ ಬ್ರೇಕ್ ಅಂದರೆ ಯಾರೂ ತಪ್ಪು ತೆಗೆಯುವುದಿಲ್ಲ. ನಮ್ಮಲ್ಲಿ ಖಡಕ್ ರೊಟ್ಟಿಯನ್ನು ‘ಹರಿ’ ಅಂದರೆ ಮನೆಯವರೆಲ್ಲ ತಿರುಗಿ ನೋಡುತ್ತಾರೆ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ಮತ್ತೆ ಹಪ್ಪಳ? ಒಡೆಯುತ್ತದೋ ಮುರಿಯುತ್ತದೋ?

ಉಣಕಲ್ ದಂಡಿ, ಹುಬ್ಬಳ್ಳಿ

ಮುರಿಯುತ್ತದೆ.

ತೇರಿನ ಗಾಲಿ, ಗದಗ

ನಮ್ಮ ಮನೆಯಲ್ಲಿ ಎರಡೂ ಅಂತಾರೆ. ನಾನು ಕೈಯಿಂದ ತುಂಡು ಮಾಡಿದರೆ ಮುರಿದೆ. ಡಬ್ಬಿಯಲ್ಲಿ ಮೇಲಿನ ಭಾರಕ್ಕೆ ತಾನೇ ಹೋದರೆ “ಎಲ್ಲಾ ಒಡದ ಹೋಗ್ಯಾವ”. ಹಪ್ಪಳಕ್ಕಾಗಿ ಜಗಳ ಬೇಡ.

ಎರಿಹೊಲ, ನರಗುಂದ

ನಾನು ಸುಮ್ನೆ ಕೆಡವಿ ಹೋದೆ ಅಂತ ತಿಳಿಯಬೇಡಿ, ಕಟ್ಟಲಿಕ್ಕೂ ನೋಡುತ್ತೇನೆ. ಮಧ್ಯಾಹ್ನ ಬಾಂದಿನ ಮೇಲೆ ಕುಳಿತು ‘ಒಡೆ’ಯ ಬಗ್ಗೆ ವಿಚಾರ ಮಾಡಿದೆ.

ಹತ್ತಿ ಕಾಯಿ ಒಡೆಯುತ್ತದೆ, ಒಳಗಿನ ಅರಳೆ ಹೊರಗೆ ಬರುತ್ತದೆ. ಶೇಂಗಾ ಒಡೆಯುತ್ತೇವೆ, ಕಾಳು ಬರುತ್ತದೆ. ತೊಗರಿ ಒಡೆಸುತ್ತೇವೆ, ಬೇಳೆ ಆಗುತ್ತದೆ. ಬೀಜ ಮೊಳಕೆ ಒಡೆಯುತ್ತದೆ, ಗಿಡ ಚಿಗುರೊಡೆಯುತ್ತದೆ. ಕೆರೆ ಒಡೆಯುತ್ತದೆ, ನೀರು ನುಗ್ಗುತ್ತದೆ. ಗುಟ್ಟು ಒಡೆಯುತ್ತದೆ, ಒಳಗಿನ ಮಾತು ಬೀದಿಗೆ ಬರುತ್ತದೆ. ಹಾಲು ಒಡೆದರೆ ಗಟ್ಟಿ ಬೇರೆ, ನೀರು ಬೇರೆ. ಎಲ್ಲ ಕಡೆ ಒಂದೇ ಕಥೆ: ಮುಚ್ಚಿಕೊಂಡದ್ದು ಬಾಯಿ ತೆರೆಯಿತು, ಕೂಡಿದ್ದು ಬೇರೆ ಆಯಿತು. ಕಟ್ಟಿಗೆ ಒಡೆಯುವುದೂ ಇದೇ. ಎಳೆಯ ಗುಂಟ ಬಾಯಿ ಬಿಡಿಸುತ್ತೇವೆ.

ಮುರಿಯುವುದು ಹಾಗಲ್ಲ. ಅಲ್ಲಿ ಒಳಗಿನಿಂದ ಏನೂ ಬರುವುದಿಲ್ಲ. ನೆಟ್ಟಗೆ ಇದ್ದದ್ದರ ಬಲ ಹೋಗುತ್ತದೆ. ಅಡ್ಡಕ್ಕೆ ಬಾಗಿಸಿದೆ, ತಡೆಯಲಿಲ್ಲ, ಎರಡಾಯಿತು. ಬಂಡಿಯ ಅಚ್ಚು ಮುರಿಯುತ್ತದೆ, ನೊಗ ಮುರಿಯುತ್ತದೆ, ಮಳೆ ಕೈಕೊಟ್ಟರೆ ರೈತನ ಬೆನ್ನು ಮುರಿಯುತ್ತದೆ.

ನಮ್ಮ ಎರೆ ನೆಲ ಮಾತ್ರ ಬೇಸಿಗೆಯಲ್ಲಿ ಒಡೆಯುವುದೂ ಇಲ್ಲ, ಮುರಿಯುವುದೂ ಇಲ್ಲ. ಅದು ಬಿರಿಯುತ್ತದೆ. ಒಣಗಿದ ಹಾಗೆ ಕುಗ್ಗುವ ಮಣ್ಣು ಅದು. ಕಾಲು ಸಿಕ್ಕುವಷ್ಟು ಅಗಲ ಬಿರುಕು ಬಿಡುತ್ತದೆ. ಮಳೆ ಬಂದರೆ ಮತ್ತೆ ಉಬ್ಬಿ ಕೂಡಿಕೊಳ್ಳುತ್ತದೆ. ಒಡೆದ ಗಡಿಗೆಗೆ ಆ ಭಾಗ್ಯ ಇಲ್ಲ.

ಕೆಂಪು ಝಂಡಾ, ಹುಬ್ಬಳ್ಳಿ

ಎರಿಹೊಲದವರೇ, ಕೈ ಕೊಡಿ. ನಾನು ರೈಲ್ವೆಯಲ್ಲಿ ಹಳಿ ಕೆಲಸ ಮಾಡಿ ನಿವೃತ್ತನಾದವನು. ಬಿರುಕು ಮತ್ತು ಮುರಿತದ ಫರಕು ನಮಗೆ ಡಿಕ್ಷನರಿಯಲ್ಲಿ ಇರಲಿಲ್ಲ, ಕಾಲ ಕೆಳಗೆ ಇತ್ತು.

ಇಂಗ್ಲಿಷಿನಲ್ಲಿ ರೇಲ್ ಫ್ರ್ಯಾಕ್ಚರ್ ಅಂತಾರೆ. ಪೇಪರಿನವರು ಕೆಲವು ಸಲ ‘ಹಳಿ ಬಿರುಕು’, ಕೆಲವು ಸಲ ‘ಹಳಿ ಮುರಿದಿದೆ’ ಅಂತ ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ. ನಮಗೆ ಅಲ್ಲ. ಬಿರುಕು ಅಂದರೆ ಇನ್ನೂ ಕೂಡಿಕೊಂಡಿದೆ, ಒಳಗೊಳಗೆ ಬೆಳೆಯುತ್ತಿದೆ. ಮುರಿದಿದೆ ಅಂದರೆ ಎರಡು ತುದಿ ಬೇರೆ, ಮಧ್ಯೆ ಸಂದು. ಚಳಿಗಾಲದ ನಸುಕಿನಲ್ಲಿ ಇದು ಜಾಸ್ತಿ. ಬೆಸುಗೆ ಹಾಕಿದ ಉದ್ದನೆಯ ಹಳಿ ಚಳಿಗೆ ಕುಗ್ಗಲು ನೋಡುತ್ತದೆ, ಬಿಗಿದ ಜಾಗ ಬಿಡುವುದಿಲ್ಲ. ಎರಡೂ ಕಡೆ ಜಗ್ಗಾಟ. ಎಲ್ಲಿ ಮೊದಲೇ ಬಿರುಕು ಇದೆಯೋ ಅಲ್ಲಿ ಹೋಗುತ್ತದೆ. ಅದಕ್ಕೇ ಹಳಿ ತಪಾಸಣೆಯ ಕೀಮ್ಯಾನ್‌ಗಳು ನಸುಕಿನಲ್ಲಿ ಹಳಿಗುಂಟ ನಡೆಯುತ್ತಾರೆ.

ಅಂದ ಹಾಗೆ ಗಾಡಿ ನಿಲ್ಲಿಸುವ ಬ್ರೇಕ್ ಬೇರೆ ಶಬ್ದ, ಸ್ಪೆಲ್ಲಿಂಗೂ ಬೇರೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕುಳಿತಿವೆ. “ಬ್ರೇಕ್ ಬ್ರೇಕ್ ಆಗೇತಿ” ಅಂತ ನಮ್ಮ ಸೂಪರ್‌ವೈಸರ್ ಒಮ್ಮೆ ಫೋನಿನಲ್ಲಿ ಹೇಳಿದ್ದು ಇನ್ನೂ ನೆನಪಿದೆ.

ನುಡಿಗಂಟು, ಧಾರವಾಡ

ಭಾಷಾಶಾಸ್ತ್ರ ಓದುತ್ತಿರುವ ಹುಡುಗಿ ನಾನು. ನೀವು ಬಾಂದಿನ ಮೇಲೆ ಕುಳಿತು ಮಾಡಿದ್ದನ್ನು ದೊಡ್ಡ ದೊಡ್ಡವರೂ ಮಾಡಿದ್ದಾರೆ ಕಾಕಾ.

ಚಾರ್ಲ್ಸ್ ಫಿಲ್‌ಮೋರ್ ಅನ್ನುವ ಅಮೆರಿಕದ ಭಾಷಾವಿಜ್ಞಾನಿ 1970ರಲ್ಲಿ ಇಂಗ್ಲಿಷಿನ ಬ್ರೇಕ್ ಮತ್ತು ಹಿಟ್ ಎರಡನ್ನೂ ಎದುರುಬದುರು ಇಟ್ಟು ಒಂದು ಲೇಖನ ಬರೆದರು. ಹುಡುಗ ಕಿಟಕಿ ಒಡೆದ ಅನ್ನಬಹುದು, ಕಿಟಕಿ ಒಡೆಯಿತು ಅಂತಲೂ ಅನ್ನಬಹುದು. ಹಿಟ್ ಹಾಗಲ್ಲ. ಹುಡುಗ ಕಿಟಕಿಗೆ ಹೊಡೆದ ಅನ್ನಬಹುದು, ಕಿಟಕಿ ತಾನೇ ಹೊಡೆಯಿತು ಅನ್ನಲು ಬರುವುದಿಲ್ಲ. ಯಾಕೆ? ಬ್ರೇಕ್ ವಸ್ತುವಿನ ಸ್ಥಿತಿ ಬದಲಾದದ್ದನ್ನು ಹೇಳುತ್ತದೆ. ಹಿಟ್ ಬರೀ ಏಟು ಬಿದ್ದದ್ದನ್ನು ಹೇಳುತ್ತದೆ, ಆಮೇಲೆ ಏನಾಯಿತು ಅಂತ ಹೇಳುವುದಿಲ್ಲ. ಕನ್ನಡದಲ್ಲೂ ಹಾಗೇ ಇದೆ ನೋಡಿ, ಒಡೆ, ಮುರಿ, ಹರಿ ಮೂರೂ ಎರಡೂ ಕಡೆ ನಡೆಯುತ್ತವೆ.

ಮನೆಯಲ್ಲಿ ಇದರ ಲಾಭ ಪಡೆಯದ ಮಕ್ಕಳಿಲ್ಲ. “ಅವ್ವಾ, ಕಪ್ ಒಡೀತು.” ಯಾರು ಒಡೆದರು ಅನ್ನುವುದು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ!

ಇನ್ನೊಂದು ಕೆಲಸ ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿರುವ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯವರದು, 2007ರಲ್ಲಿ ಅಚ್ಚಾಯಿತು. 61 ಸಣ್ಣ ವಿಡಿಯೋ ತುಣುಕು ತೋರಿಸಿ, 28 ಭಾಷೆಯ ಜನರಿಂದ ‘ಇವನು ಏನು ಮಾಡಿದ’ ಅಂತ ಕೇಳಿದರು. ಒಬ್ಬ ಕೋಲು ಮುರಿಯುತ್ತಾನೆ, ಒಬ್ಬಳು ಬಟ್ಟೆ ಹರಿಯುತ್ತಾಳೆ, ಇನ್ನೊಬ್ಬ ಗಜ್ಜರಿ ಕತ್ತರಿಸುತ್ತಾನೆ, ಹೀಗೆ. ಹಿಂದಿ ಮತ್ತು ತಮಿಳು ಅದರಲ್ಲಿ ಇವೆ. ನನಗೆ ಬಹಳ ಹಿಡಿಸಿದ್ದು ಒಂದು ಮಾತು. ಭಾಷೆ ಯಾವುದೇ ಇರಲಿ, ಕತ್ತರಿಸುವುದಕ್ಕೂ ಒಡೆಯುವುದಕ್ಕೂ ಇರುವ ದೊಡ್ಡ ಫರಕು ‘ಎಲ್ಲಿ ಬೇರೆಯಾಗುತ್ತದೆ ಅಂತ ಮೊದಲೇ ಗೊತ್ತಾ’ ಅನ್ನುವುದಂತೆ. ಚಾಕು ಇಟ್ಟಲ್ಲೇ ಗಜ್ಜರಿ ತುಂಡಾಗುತ್ತದೆ. ಗಡಿಗೆಗೆ ಹೊಡೆದರೆ ಎಷ್ಟು ಚೂರು, ಎಲ್ಲೆಲ್ಲಿ, ಯಾರಿಗೂ ಗೊತ್ತಿಲ್ಲ.

ಗಿರ್ಮಿಟ್ ಪ್ಲೇಟ್, ಹುಬ್ಬಳ್ಳಿ

ತಂಗಿ, ಇದನ್ನು ನಮ್ಮ ಮ್ಯಾನೇಜರಿಗೆ ಕಳಿಸುತ್ತೇನೆ. 28 ಭಾಷೆ ನೋಡಿಯಾದರೂ ಎರಡನೇ ಬಟನ್ ಕೊಡುತ್ತಾರೋ ಏನೋ.

ಮೋಡಕಾ ಬಜಾರ್, ಹುಬ್ಬಳ್ಳಿ

ನಮ್ಮ ಮನೆಯಲ್ಲಿ ಮರಾಠಿ. ಈ ಮೂರರ ಲೆಕ್ಕ ಅಲ್ಲೂ ಹೆಚ್ಚುಕಡಿಮೆ ಹಂಗೇ ಇದೆ, ‘ಹರಿ’ ಮಾತ್ರ ಎರಡಾಗಿದೆ! ಗಡಿಗೆ ‘ಫುಟಲಾ’, ಕೋಲು ‘ಮೋಡಲೀ’, ಹಗ್ಗ ‘ತುಟಲೀ’, ಬಟ್ಟೆ ‘ಫಾಟಲಾ’. ನಾಲ್ಕು ಶಬ್ದ. ಹಿಂದಿಯವರು ಮಾತ್ರ ಆರಾಮ್. ಗ್ಲಾಸು, ಕೋಲು, ಹಗ್ಗ ಎಲ್ಲ ‘ಟೂಟ್ ಗಯಾ’. ಹೂವನ್ನೂ ‘ತೋಡ್ನಾ’ ಅಂತಾರೆ. ನಾವು ಇಲ್ಲಿ ಹೂ ಹರಿಯುತ್ತೇವೆ, ಬೆಂಗಳೂರಿನವರು ಕೀಳುತ್ತಾರೆ.

ನನ್ನ ಹೆಸರು ನೋಡಿ ನಗುವವರಿಗೆ: ಗುಜರಿಗೆ ನಮ್ಮ ಕಡೆ ‘ಮೋಡಕಾ’ ಅನ್ನುವುದು ಮರಾಠಿಯಿಂದ ಬಂದದ್ದು. ಮೋಡಕಾ ಅಂದರೆ ಮುರಿದದ್ದು, ಮುರುಕು. ನೋಟು ಕೊಟ್ಟು ಚಿಲ್ಲರೆ ತಗೊಳ್ಳುವುದಕ್ಕೂ ಮರಾಠಿಯಲ್ಲಿ ‘ಮೋಡಣೆ’. ನಾವು ಕನ್ನಡದಲ್ಲಿ “ಐನೂರರ ನೋಟು ಮುರಿಸ್ಕೊಂಡ್ ಬಾ” ಅನ್ನುವುದೂ ಅದೇ ಅಲ್ವಾ? ಇಂಗ್ಲಿಷಿನಲ್ಲೂ ನೋಟನ್ನು ಬ್ರೇಕ್ ಮಾಡುತ್ತಾರೆ. ನೋಟು ಮಾತ್ರ ಎಲ್ಲರ ಕೈಯಲ್ಲೂ ಮುರಿಯುತ್ತದೆ, ಹರಿದರೆ ಯಾರೂ ತಗೊಳ್ಳುವುದಿಲ್ಲ.

ಕೌಲಪೇಟಿ, ಹುಬ್ಬಳ್ಳಿ

ಉಪವಾಸದ ಮಾತು ಮೇಲೆ ಬಂದಿತ್ತು, ಅದಕ್ಕೆ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಸಂಜೆ ಹೊತ್ತಿಗೆ ಖರ್ಜೂರ ತಿಂದರೂ ಬ್ರೇಕ್, ಮಧ್ಯಾಹ್ನ ಕದ್ದು ಚಹಾ ಕುಡಿದರೂ ಬ್ರೇಕ್. ನಮ್ಮ ಮನೆಯ ಉರ್ದುವಿನಲ್ಲಿ ಅದು ಒಂದೇ ಆಗಲು ಸಾಧ್ಯವೇ ಇಲ್ಲ. ಸಂಜೆ ಅಜಾನ್ ಆದಮೇಲೆ ‘ರೋಜಾ ಖೋಲ್ನಾ’, ಅಂದರೆ ರೋಜಾ ತೆರೆಯುವುದು. ನಡುವೆ ತಿಂದರೆ ‘ರೋಜಾ ತೋಡ್ನಾ’. ಒಂದು ಪುಣ್ಯ, ಒಂದು ತಪ್ಪು. ಚಿಕ್ಕವನಿದ್ದಾಗ ಶಾಲೆಯಲ್ಲಿ ಒಬ್ಬ ಸರ್ “ಏನೋ, ರೋಜಾ ಬ್ರೇಕ್ ಮಾಡಿದೆಯಾ?” ಅಂತ ಪ್ರೀತಿಯಿಂದಲೇ ಕೇಳಿದ್ದರು. ನಾನು ಅತ್ತುಬಿಟ್ಟಿದ್ದೆ. ಮುರಿದಿಲ್ಲ ಸರ್, ಮುರಿದಿಲ್ಲ ಅಂತ.

ತೇರಿನ ಗಾಲಿ, ಗದಗ

ಕನ್ನಡದಲ್ಲೂ ಅದೇ ಭಾಯ್. ಏಕಾದಶಿ, ಸೋಮವಾರದ ಉಪವಾಸ ‘ಬಿಡುತ್ತೇವೆ’. ಉಪವಾಸ ಮುರಿದ ಅಂದರೆ ನಡುವೆ ಮಿರ್ಚಿ ತಿಂದ ಅಂತಲೇ ಅರ್ಥ. ಬ್ರೇಕ್‌ಫಾಸ್ಟ್ ಅಂದರೂ ರಾತ್ರಿಯ ಉಪವಾಸ ಬಿಡುವುದೇ. ನಾವು ನಾಷ್ಟಾ ಅಂದು ಆ ಗೊಡವೆಗೇ ಹೋಗಲಿಲ್ಲ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ಹಂಗಾದರೆ ಬ್ರೇಕಪ್ಪಿಗೆ ಏನಂತೀರಿ? ಅರ್ಜೆಂಟ್ ಇದೆ.

ಉಣಕಲ್ ದಂಡಿ, ಹುಬ್ಬಳ್ಳಿ

ನಮ್ಮ ಅವ್ವನ ಕಾಲದಲ್ಲಿ “ಮಾತು ಬಿಟ್ಟಾರ” ಅಂತಿದ್ದರು. ನಿಶ್ಚಯ ಆಗಿ ನಿಂತರೆ ಮದುವೆ ಮುರಿಯಿತು. ಮದುವೆ ಆದಮೇಲೆ ಆದರೆ ಸೋಡಚೀಟಿ. ನಿನ್ನದು ಯಾವ ಹಂತ?

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ಮಾತು ಬಿಟ್ಟಾರ.

ಏಲಕ್ಕಿ ಮಾಲೆ, ಹಾವೇರಿ

ಮನುಷ್ಯರ ವಿಷಯಕ್ಕೆ ಬಂದಾಗ ಒಡೆ ಮತ್ತು ಮುರಿ ಎಷ್ಟು ಬೇರೆ ಅನ್ನುವುದು ತಿಳಿಯುತ್ತದೆ. “ಅವರ ಮನಿ ಒಡೀತು” ಅಂದರೆ ಅಣ್ಣತಮ್ಮಂದಿರು ಪಾಲಾದರು. ಒಂದು ಒಲೆ ಇದ್ದದ್ದು ಎರಡಾಯಿತು. ಬೇಸರ ಇರಬಹುದು, ಆದರೆ ಎರಡೂ ಮನೆಯಲ್ಲಿ ಅಡುಗೆ ನಡೆದಿದೆ. “ಅವರ ಮನಿ ಮುರೀತು” ಅಂದರೆ ಹಾಳಾಯಿತು. ಅದಕ್ಕೇ ಬೈಗುಳ ‘ಮನೆಮುರುಕ’ ಅಂತ ಇದೆ, ಮನೆ ಒಡೆದವನಿಗಿಂತ ಅವನ ಮೇಲೆ ಸಿಟ್ಟು ಜಾಸ್ತಿ. ಎರಿಹೊಲದವರ ಲೆಕ್ಕ ಇಲ್ಲೂ ಕೂಡುತ್ತದೆ. ಒಡೆದದ್ದು ಪಾಲು, ಮುರಿದದ್ದು ಬಲ.

ಆದರೆ ಎಲ್ಲ ಮುರಿಯುವುದೂ ಕೆಟ್ಟದ್ದಲ್ಲ. ದಸರೆಗೆ ಬನ್ನಿ ಮುರಿಯುತ್ತೇವೆ. ಆ ಎಲೆಗಳನ್ನೇ ಕೈಗೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಅಂತೇವೆ. ನಿದ್ದೆಯಿಂದ ಎದ್ದು ಮೈ ಮುರಿಯುತ್ತೇವೆ. ಬೆರಳಿನ ಲಟಿಕೆ ಮುರಿಯುತ್ತೇವೆ. ಸಂತೆ ಮುರಿಯುವ ಹೊತ್ತಿಗೆ ಹೋದರೆ ಕಾಯಿಪಲ್ಲೆ ಅಗ್ಗ.

ಕಾನೂನಿಗೆ ಮಾತ್ರ ನಮ್ಮ ಹಿರಿಯರು ಸಂಸ್ಕೃತದ ‘ಭಂಗ’ ತಂದರು. 1930ರ ಕಾನೂನು ಭಂಗ ಚಳವಳಿ. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಗಾಂಧೀಜಿ ಜೊತೆ ದಂಡಿಗೆ ನಡೆದು ಉಪ್ಪಿನ ಕಾನೂನು ಮುರಿದವರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಈಗ ಸಿಗ್ನಲ್ ದಾಟಿದವನೂ ‘ನಿಯಮ ಮುರಿದ’. ಇಬ್ಬರಿಗೂ ಒಂದೇ ಕ್ರಿಯಾಪದ ಅಂದರೆ ನನಗೆ ಒಪ್ಪಿಗೆ ಆಗುವುದಿಲ್ಲ. ಇದು ನನ್ನ ಸ್ವಂತ ಹಟ.

ಸಪ್ತಾಪುರ ಟ್ಯೂಷನ್, ಧಾರವಾಡ

ಅಕ್ಕಾ, ಹಟ ಚೆನ್ನಾಗಿದೆ. ‘ದಾಖಲೆ ಮುರಿದ’ ಅನ್ನುವುದೂ ನನಗೆ ಇಂಗ್ಲಿಷಿನ ನೆರಳೇ ಅನ್ನಿಸುತ್ತದೆ. ಹಿಂದಿನವನಿಗಿಂತ ಮುಂದೆ ಹೋದ, ದಾಖಲೆ ದಾಟಿದ ಅಂದರೆ ಸಾಕಲ್ಲ. ಆದರೆ ಕ್ರೀಡಾ ಪುಟದವರು ಇಷ್ಟು ವರ್ಷ ಮುರಿದು ಮುರಿದು ಈಗ ಅದು ನಮ್ಮದೇ ಆಗಿದೆ. ಬಿಡಿ.

ನುಡಿಗಂಟು, ಧಾರವಾಡ

‘ಹರಿ’ಯನ್ನು ಯಾರೂ ಸರಿಯಾಗಿ ಮುಟ್ಟಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಸೊಗಸು. ನೀರು ಹರಿಯುವುದು ಒಂದು, ಬಟ್ಟೆ ಹರಿಯುವುದು ಇನ್ನೊಂದು. ಹಳಗನ್ನಡದಲ್ಲಿ ಅವು ಬೇರೆ ಬೇರೆ: ನೀರಿಗೆ ‘ಪರಿ’, ಬಟ್ಟೆಗೆ ಈಗ ಬಳಕೆ ತಪ್ಪಿದ ಱ ಅಕ್ಷರದ ‘ಪಱಿ’. ಈಗ ಎರಡೂ ‘ಹರಿ’ ಆಗಿ ಕೂಡಿಕೊಂಡಿವೆ. ಈಗ ಹೇಳಿ, ‘ಬೆಳಕು ಹರಿಯಿತು’ ಅನ್ನುವಾಗ ಯಾವ ಹರಿ? ಬೆಳಕು ನೀರಿನ ಹಾಗೆ ಹರಿದು ಬಂತೋ, ಕತ್ತಲೆಯ ಬಟ್ಟೆ ಹರಿಯಿತೋ? ಇಂಗ್ಲಿಷಿನಲ್ಲಿ ಡೇ ಬ್ರೇಕ್ಸ್. ಅಲ್ಲೂ ದಿನ ಬಿರಿದುಕೊಂಡೇ ಹುಟ್ಟುತ್ತದೆ.

ಸಾಲ ಹರಿಯುತ್ತದೆ, ಋಣ ಹರಿಯುತ್ತದೆ, ಜಗಳ ಬಗೆಹರಿಯುತ್ತದೆ. ಕಟ್ಟಿಹಾಕಿದ್ದು ಹೋಯಿತು ಅನ್ನುವ ನಿರಾಳ ಇದೆ ಅದರಲ್ಲಿ.

ಎರಿಹೊಲ, ನರಗುಂದ

ತಂಗಿ, ಕಾರಹುಣ್ಣಿಮೆಗೆ ಬಾ, ಹರಿಯುವುದು ಅಂದರೆ ಏನು ಅಂತ ತೋರಿಸುತ್ತೇನೆ. ಅಗಸಿಯಲ್ಲಿ, ಅಂದರೆ ಊರಬಾಗಿಲಲ್ಲಿ, ಅಡ್ಡಕ್ಕೆ ‘ಕರಿ’ ಕಟ್ಟಿರುತ್ತಾರೆ, ಹಗ್ಗಕ್ಕೆ ಬೇವಿನ ತೊಪ್ಪಲು ಪೋಣಿಸಿದ ತೋರಣ. ಬಣ್ಣ ಹಚ್ಚಿ, ಕೋಡಿಗೆ ರಿಬ್ಬನ್ ಕಟ್ಟಿದ ಎತ್ತುಗಳನ್ನು ಓಡಿಸುತ್ತಾರೆ. ಯಾವ ಬಣ್ಣದ ಎತ್ತು ಮೊದಲು ಕರಿ ಹರಿಯುತ್ತದೋ ಅದರ ಮೇಲೆ ಆ ವರ್ಷ ಯಾವ ಬೆಳೆ ಚಲೋ ಅಂತ ಹಿರಿಯರ ಲೆಕ್ಕ. ಎತ್ತು ಓಡಿ ಬರುವಾಗ ಹರಿಯುವ ನೀರೂ ಅದೇ, ಹಗ್ಗ ಹೋಗುವಾಗ ಹರಿದ ಬಟ್ಟೆಯೂ ಅದೇ. ಎರಡು ‘ಹರಿ’ ಒಂದೇ ಕಡೆ ಸಿಗುತ್ತವೆ.

ಕೆಂಪು ಝಂಡಾ, ಹುಬ್ಬಳ್ಳಿ

ಟ್ಯೂಷನ್ ಮೇಡಂ ಹೇಳಿದ ಶ್ಯಾಟರ್, ಸ್ನ್ಯಾಪ್ ಎಲ್ಲ ಕನ್ನಡದಲ್ಲಿ ಇಲ್ಲ ಅಂತ ಯಾರಾದರೂ ತಿಳಿದೀರಿ. ಇವೆ. ಕ್ರಿಯಾಪದದಲ್ಲಿ ಇಲ್ಲ, ಸಪ್ಪಳದಲ್ಲಿ ಇವೆ. ಲಟಕ್ಕನೆ ಮುರೀತು. ಪಟ್ಟನೆ ಹರೀತು. ಫಳ್ ಅಂತ ಒಡೀತು. ಢಬ್ ಅಂತ ಒಡೀತು ಅಂದರೆ ಗಾಜಲ್ಲ, ಟೈರು. ನೋಡದೇ ಹೇಳಬಹುದು.

ಮೋಡಕಾ ಬಜಾರ್, ಹುಬ್ಬಳ್ಳಿ

ನಿಜ. ನಮ್ಮ ಅಂಗಡಿಗೆ ಬರುವ ಬಕೀಟಿನ ವಿಷಯ ಹೇಳಿ ಮುಗಿಸುತ್ತೇನೆ. ಬಕೀಟು ಒಡೆದಿರುತ್ತದೆ, ಹಿಡಿಕೆ ಮುರಿದಿರುತ್ತದೆ. ಒಂದೇ ಬಕೀಟು, ಎರಡು ರೇಟು. ಮಿಕ್ಸರ್ ಒಡೆದೂ ಇರುವುದಿಲ್ಲ, ಮುರಿದೂ ಇರುವುದಿಲ್ಲ, ಹೊಸದರ ಹಾಗೆ ಹೊಳೆಯುತ್ತಿರುತ್ತದೆ, ಆದರೆ ತಿರುಗುವುದಿಲ್ಲ. ಅದು ಕೆಟ್ಟಿರುತ್ತದೆ. ಇಂಗ್ಲಿಷಿನವರಿಗೆ ಮೂರೂ ಬ್ರೋಕನ್. ಬಟನ್ ಮಾಡುವವರು ಒಂದು ದಿನ ನಮ್ಮ ಅಂಗಡಿಯಲ್ಲಿ ಕುಳಿತುಕೊಳ್ಳಲಿ.

ತೇರಿನ ಗಾಲಿ, ಗದಗ

ಒಂದು ಬಿಟ್ಟುಹೋಗಿದೆ, ಬಳೆ. ನಮ್ಮ ಅಜ್ಜಿ ‘ಬಳಿ ಒಡೀತು’ ಅನ್ನಲು ಎಂದೂ ಬಿಡುತ್ತಿರಲಿಲ್ಲ. ಮುತ್ತೈದೆಯ ಕೈ ಬಳೆ ಅದು, ಆ ಶಬ್ದ ಬಾಯಿಗೆ ಬರಬಾರದು. “ಬಳಿ ಹೆಚ್ಚಿತು” ಅನ್ನಬೇಕು. ದೀಪವನ್ನೂ ಆರಿಸು ಅನ್ನುವಂತಿಲ್ಲ, ಶಾಂತ ಮಾಡು. ಚಿಕ್ಕವಳಿದ್ದಾಗ ನಾನು “ಅಜ್ಜಿ, ಒಡೆದರೆ ಕಡಿಮೆ ಆಗತಾವಲ್ಲ, ಹೆಚ್ಚು ಹೆಂಗ?” ಅಂತ ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೇನೆ.

ಮೋಡಕಾ ಬಜಾರ್, ಹುಬ್ಬಳ್ಳಿ

ಮರಾಠಿಯಲ್ಲೂ ಬಳೆ ‘ವಾಢವಲೀ’ ಅಂತಾರೆ. ಅದೂ ಹೆಚ್ಚುವುದೇ.

ಉಣಕಲ್ ದಂಡಿ, ಹುಬ್ಬಳ್ಳಿ

ನನ್ನ ಮೂರು ಬಟನ್ ಈಗ ಹನ್ನೊಂದು ಆದವು. ನಾನು ಗುಂಡಗೆ, ಉದ್ದಗೆ ಅಂದದ್ದನ್ನು ವಾಪಸ್ ತಗೊಂಡಿದ್ದೇನೆ. ರೊಟ್ಟಿಗೆ ಸೋತೆ.

ಗಿರ್ಮಿಟ್ ಪ್ಲೇಟ್, ಹುಬ್ಬಳ್ಳಿ

ಮೂರು ವಾರ ಆಯಿತು, ಸುದ್ದಿ ಹೇಳಲಿಕ್ಕೆ ಬಂದೆ.

ಇಡೀ ಚರ್ಚೆಯನ್ನು ಮ್ಯಾನೇಜರಿಗೆ ಓದಿ ಹೇಳಿದೆ. ಖಡಕ್ ರೊಟ್ಟಿಯ ಹತ್ತಿರ ಬಂದಾಗ ಅವರೇ ನಕ್ಕು “ಆತು, ಮಾಡು” ಅಂದರು. ಈಗ ಮೊದಲ ಬಟನ್ ‘ಸಾಮಾನು ಹಾಳಾಗಿ ಬಂದಿದೆ’. ಒತ್ತಿದರೆ ಐದು ಬರುತ್ತವೆ: ಒಡೆದಿದೆ, ಮುರಿದಿದೆ, ಹರಿದಿದೆ, ಸೋರುತ್ತಿದೆ, ಕೆಟ್ಟಿದೆ. ‘ಸೋರುತ್ತಿದೆ’ ಯಾಕೆ ಅಂದರೆ, “ಹಾಲು ಒಡದೈತಿ” ಅಂತ ಬಂದ ದೂರಿನಲ್ಲಿ ಪಾಕೀಟು ಒಡೆಯಿತೋ, ಒಳಗಿನ ಹಾಲು ಒಡೆಯಿತೋ ನಮಗೆ ಗೊತ್ತಾಗುತ್ತಿರಲಿಲ್ಲ. ತತ್ತಿಯ ಅಜ್ಜಾರಿಗೆ ಫೋನ್ ಮಾಡಿ ತೋರಿಸಿಕೊಟ್ಟೆ. “ಈಗ ಬರೋಬ್ಬರಿ ಆತು ನೋಡ” ಅಂದರು.

ಆದರೆ ನಿನ್ನೆ ಒಂದು ಆಯಿತು. ಗದಗ ಕಡೆಯ ಒಬ್ಬ ಅಮ್ಮ ಎರಡು ಡಜನ್ ಹಸಿರು ಬಳೆ ತರಿಸಿದ್ದರು. ಐದರಲ್ಲಿ ಯಾವುದನ್ನೂ ಒತ್ತದೆ, ಕೆಳಗೆ ಬರೆಯುವ ಜಾಗದಲ್ಲಿ “ನಾಕ ಬಳಿ ಹೆಚ್ಚ್ಯಾವ” ಅಂತ ಬರೆದಿದ್ದರು. ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಅದನ್ನು ಓದಿ, ಬಹಳ ಮರ್ಯಾದೆಯಿಂದ ಉತ್ತರ ಕಳಿಸಿದ್ದಾನೆ: “ಹೆಚ್ಚಿಗೆ ಬಂದ ನಾಲ್ಕು ಬಳೆಗಳನ್ನು ದಯವಿಟ್ಟು ನಮ್ಮ ಹುಡುಗನ ಕೈಯಲ್ಲಿ ವಾಪಸ್ ಕಳಿಸಿರಿ.”

ತೇರಿನ ಗಾಲಿ, ಗದಗ

ಅಯ್ಯೋ ದೇವರೇ. ಅವರು ಏನಂದರು?

ಗಿರ್ಮಿಟ್ ಪ್ಲೇಟ್, ಹುಬ್ಬಳ್ಳಿ

ಕಳಿಸಿದ್ದಾರೆ. ಒಂದು ಪೊಟ್ಟಣದಲ್ಲಿ ಹದಿನೇಳು ಚೂರು. ಈಗ ನನ್ನ ಟೇಬಲ್ ಮೇಲೆ ಇವೆ.